ಹಿಮ ಬೀಳುವ ಹಳ್ಳಿದಾರಿಗೆ ಯಾವ ಟೈರು? ಕೆನಡಾಕ್ಕೆ ಹೋದವರು ತಿಳಿದಿರಬೇಕಾದ ಲೆಕ್ಕ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಸಂಗತಿ. ಶೀತ ದೇಶಗಳಲ್ಲಿ ಟೈರು ತಯಾರಕರು ‘ಇನ್ನು ಚಳಿಗಾಲದ ಟೈರು ಹಾಕಿಸಿಕೊಳ್ಳಿ’ ಎಂದು ಗೆರೆ ಎಳೆಯುವುದು 7 ಡಿಗ್ರಿಯಲ್ಲಿ. ಅಂದರೆ ದಾಖಲೆಯ ಚಳಿಯಲ್ಲಿಯೂ ಬೆಂಗಳೂರು ಆ ಗೆರೆಯನ್ನು ಮುಟ್ಟಿಲ್ಲ. ಕರ್ನಾಟಕದಲ್ಲಿ ಕಾರು ಓಡಿಸಲು ಕಲಿತವರಿಗೆ ಟೈರು ಎಂದರೆ ವರ್ಷವಿಡೀ ಓಡಿಸಿ, ಬೋಳಾದ ಮೇಲೆ ಬದಲಿಸುವ ವಸ್ತು. ಋತುವಿಗೊಂದು ಜೊತೆ ಟೈರು ಇಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ.

ಈ ಅಭ್ಯಾಸದೊಂದಿಗೆ ಉದ್ಯೋಗಕ್ಕೋ ವ್ಯಾಸಂಗಕ್ಕೋ ಕೆನಡಾಕ್ಕೆ ಹೋದವರು ಟೊರಾಂಟೊದಂಥ ಮಹಾನಗರದಲ್ಲಿ ಇರುವಷ್ಟು ದಿನ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಅಲ್ಲಿ ಸುರಂಗ ರೈಲಿದೆ, ಬಸ್ಸಿದೆ, ಹಿಮ ಬಿದ್ದ ಕೂಡಲೇ ರಸ್ತೆಗೆ ಉಪ್ಪು ಸುರಿಯುವ ಲಾರಿಗಳಿವೆ. ಆದರೆ ಆಸ್ಪತ್ರೆ, ಗಣಿ, ವಿದ್ಯುತ್ ಸ್ಥಾವರ, ವೃದ್ಧಾಶ್ರಮ, ಡೇರಿಗಳ ಕೆಲಸ ದೊರೆಯುವುದು ಎಷ್ಟೋ ಬಾರಿ ಸಣ್ಣ ಊರುಗಳಲ್ಲಿ. ಕೆಲಸ ಒಂದು ಊರಿನಲ್ಲಿ, ಬಾಡಿಗೆ ಮನೆ ಇನ್ನೊಂದು ಊರಿನಲ್ಲಿ, ನಡುವೆ 50ರಿಂದ 70 ಕಿಲೋಮೀಟರ್ ಹೊಲಗಳ ನಡುವಿನ ಎರಡು ಪಥದ ರಸ್ತೆ. ಬೆಳಗಿನ ಪಾಳಿಗೆ ಕತ್ತಲಲ್ಲೇ ಹೊರಡಬೇಕು. ಹಿಮ ಬಿದ್ದಿದೆಯೆಂದು ರಜೆ ಹಾಕಲಾಗದ ಕೆಲಸಗಳಿವು. ಇಂಥವರಿಗೆ ಚಳಿಗಾಲದ ಟೈರಿನ ಆಯ್ಕೆ ಜೀವದ ಪ್ರಶ್ನೆ.

ಮೊದಲು ನೋಡಬೇಕಾದುದು ರಸ್ತೆ

ಟೈರು ಅಂಗಡಿಗೆ ಹೋಗುವ ಮುನ್ನ ನಿತ್ಯ ಓಡಾಡುವ ರಸ್ತೆ ಯಾವ ದರ್ಜೆಯದು ಎಂಬುದನ್ನು ತಿಳಿಯಬೇಕು. ಒಂಟಾರಿಯೊ ಪ್ರಾಂತದ ಸಾರಿಗೆ ಇಲಾಖೆ ತನ್ನ ಹೆದ್ದಾರಿಗಳನ್ನು ಹಿಮ ತೆರವಿನ ದೃಷ್ಟಿಯಿಂದ ಐದು ದರ್ಜೆಗಳಾಗಿ ವಿಂಗಡಿಸಿದೆ. ಮೊದಲ ದರ್ಜೆಯ ರಸ್ತೆಯಲ್ಲಿ ಹಿಮಪಾತ ನಿಂತ 8 ಗಂಟೆಗಳೊಳಗೆ ಡಾಂಬರು ಕಾಣುವಂತೆ ಮಾಡುವುದು ಗುರಿ. ಎರಡನೆಯದಕ್ಕೆ 16 ಗಂಟೆ, ಮೂರನೆಯದಕ್ಕೆ 24 ಗಂಟೆ. ನಾಲ್ಕನೆಯ ದರ್ಜೆಯಲ್ಲಿ 24 ಗಂಟೆಗಳೊಳಗೆ ರಸ್ತೆಯ ನಡುಭಾಗ ಮಾತ್ರ ತೆರವಾದರೆ ಸಾಕು. ಐದನೆಯ ದರ್ಜೆಯಲ್ಲಿ ಡಾಂಬರು ಕಾಣಬೇಕೆಂಬ ನಿಯಮವೇ ಇಲ್ಲ. ಹಿಮವನ್ನು ಗಟ್ಟಿಯಾಗಿ ಒತ್ತಿ, ಅದರ ಮೇಲೆ ವಾಹನಗಳು ಓಡಲು ಬಿಡಲಾಗುತ್ತದೆ. ಉತ್ತರ ಭಾಗದ 11 ಮತ್ತು 17ನೇ ಸಂಖ್ಯೆಯ ಹೆದ್ದಾರಿಗಳಿಗೆ, ಅಲ್ಲಿನ ಜನರ ಒತ್ತಾಯದ ತರುವಾಯ, 2022ರಲ್ಲಿ 12 ಗಂಟೆಗಳ ಪ್ರತ್ಯೇಕ ಮಾನದಂಡ ಪ್ರಕಟವಾಯಿತು.

ಈ ಗಡುವುಗಳೆಲ್ಲ ಎಣಿಕೆಯಾಗುವುದು ಹಿಮ ಬೀಳುವುದು ನಿಂತ ಮೇಲೆ. ರಾತ್ರಿ ಹನ್ನೊಂದಕ್ಕೆ ಆರಂಭವಾದ ಹಿಮಪಾತ ಬೆಳಗಿನ ನಾಲ್ಕಕ್ಕೆ ನಿಂತರೆ, ಐದು ಗಂಟೆಗೆ ಮನೆಯಿಂದ ಹೊರಟವರಿಗೆ ಮೊದಲ ದರ್ಜೆಯ ಹೆದ್ದಾರಿಯೂ ಬಿಳಿಯಾಗಿಯೇ ಸಿಗಬಹುದು. ಮನೆಯಿಂದ ಹೆದ್ದಾರಿಗೆ ಸೇರುವ ಕೌಂಟಿ ರಸ್ತೆ, ಒಳ ರಸ್ತೆಗಳ ಸರದಿ ಅದಕ್ಕೂ ತಡವಾಗಿ ಬರುತ್ತದೆ. ಉಪ್ಪಿಗೂ ಮಿತಿಯಿದೆ. ಉಷ್ಣಾಂಶ ಮೈನಸ್ 10-12 ಡಿಗ್ರಿಗಿಂತ ಇಳಿದಾಗ ಸಾಧಾರಣ ಉಪ್ಪು ಮಂಜುಗಡ್ಡೆ ಕರಗಿಸುವ ವೇಗ ತೀರಾ ಕುಂದುತ್ತದೆ. ಆಗ ಮರಳು ಚೆಲ್ಲುತ್ತಾರೆ. ಮರಳು ಹಿಡಿತ ಕೊಡುತ್ತದೆಯೇ ಹೊರತು ಮಂಜುಗಡ್ಡೆಯನ್ನು ಕರಗಿಸುವುದಿಲ್ಲ.

ಉದಾಹರಣೆಗೆ ಹ್ಯೂರಾನ್ ಸರೋವರದ ಪೂರ್ವ ದಂಡೆಯ ಬ್ರೂಸ್ ಕೌಂಟಿಯನ್ನು ನೋಡಬಹುದು. ಟಿವರ್ಟನ್ ಎಂಬ ಸಣ್ಣ ಊರಿನ ಬಳಿ ಎಂಟು ರಿಯಾಕ್ಟರುಗಳ ಬ್ರೂಸ್ ಪರಮಾಣು ವಿದ್ಯುತ್ ಸ್ಥಾವರವಿದೆ. ಅವು ಕೆನಡಾದ ಕ್ಯಾಂಡು ಮಾದರಿಯ ಭಾರಜಲ ರಿಯಾಕ್ಟರುಗಳು. ನಮ್ಮ ಕೈಗಾದ ರಿಯಾಕ್ಟರುಗಳ ಮೂಲವೂ ಅದೇ ಮಾದರಿ. ಸ್ಥಾವರದ ನೌಕರರು ಕಿನ್‌ಕಾರ್ಡಿನ್, ಪೋರ್ಟ್ ಎಲ್ಗಿನ್, ಇನ್ನೂ ದೂರದ ಓವನ್ ಸೌಂಡ್ ಮುಂತಾದ ಊರುಗಳಿಂದ ನಿತ್ಯ ಕಾರಿನಲ್ಲಿ ಬಂದು ಹೋಗುತ್ತಾರೆ. ಓವನ್ ಸೌಂಡ್‌ನಿಂದ ಸ್ಥಾವರಕ್ಕೆ ಸುಮಾರು 70 ಕಿಲೋಮೀಟರ್, ಬಹುಪಾಲು 21ನೇ ಸಂಖ್ಯೆಯ ಹೆದ್ದಾರಿಯಲ್ಲಿ.

ಈ ದಾರಿಯ ಕಷ್ಟ ಸರೋವರದಿಂದಲೇ ಬರುತ್ತದೆ. ನವೆಂಬರ್, ಡಿಸೆಂಬರ್‌ಗಳಲ್ಲಿ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ವಾಯವ್ಯದಿಂದ ಬೀಸುವ ಶೀತಗಾಳಿ ಆ ನೀರಿನ ಮೇಲೆ ಹಾದು ತೇವ ಹೀರಿಕೊಂಡು, ದಡ ಹತ್ತಿದ ಕೂಡಲೇ ಅದನ್ನು ಹಿಮವಾಗಿ ಸುರಿಸುತ್ತದೆ. ಈ ಹಿಮದ ಪಟ್ಟಿ ಕೆಲವೇ ಕಿಲೋಮೀಟರ್ ಅಗಲವಿರಬಹುದು. ಪೋರ್ಟ್ ಎಲ್ಗಿನ್‌ನಲ್ಲಿ ಬಿಸಿಲಿದ್ದಾಗ ಹತ್ತು ಕಿಲೋಮೀಟರ್ ಆಚೆ ಮುಂದಿನ ಕಾರಿನ ಹಿಂದೀಪವೂ ಕಾಣದಷ್ಟು ಹಿಮ ಸುರಿಯುತ್ತಿರಬಹುದು. ಪಶ್ಚಿಮ ಘಟ್ಟದಲ್ಲಿ ಒಂದು ತಿರುವಿನಲ್ಲಿ ಬಿಸಿಲು, ಮುಂದಿನ ತಿರುವಿನಲ್ಲಿ ಜಡಿಮಳೆ ಕಂಡವರಿಗೆ ಇದು ಅರ್ಥವಾದೀತು. ಒಂದೇ ಪ್ರಯಾಣದಲ್ಲಿ ಒಣ ಡಾಂಬರು, ಕೆಸರಿನಂಥ ಹಿಮ, ಗಟ್ಟಿ ಹಿಮ, ಮಂಜುಗಡ್ಡೆ ನಾಲ್ಕೂ ಎದುರಾಗುತ್ತವೆ. ಆದ್ದರಿಂದ ನಿತ್ಯದ ದಾರಿಯ ಅತಿ ಕೆಟ್ಟ ಐದು ಕಿಲೋಮೀಟರಿಗೆ ಹೊಂದುವ ಟೈರು ಯಾವುದೋ ಅದನ್ನೇ ಆರಿಸಬೇಕು.

ಚಳಿಗೆ ರಬ್ಬರು ಬಿಗಿಯುವುದು

ಚಳಿಗಾಲದ ಟೈರು ಎಂದರೆ ಹಿಮಕ್ಕಾಗಿ ಆಳವಾದ ಗಾಡಿಗಳುಳ್ಳ ಟೈರು ಎಂಬ ತಿಳಿವಳಿಕೆ ಅರ್ಧ ಸತ್ಯ. ಮುಖ್ಯ ವ್ಯತ್ಯಾಸವಿರುವುದು ರಬ್ಬರಿನಲ್ಲಿ. ಸಾಧಾರಣ ಟೈರಿನ ರಬ್ಬರು ಉಷ್ಣಾಂಶ 7 ಡಿಗ್ರಿಗಿಂತ ಇಳಿಯುತ್ತಿದ್ದಂತೆ ಬಿಗಿಯತೊಡಗುತ್ತದೆ. ಬಿಗಿದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುವುದಿಲ್ಲ; ರಸ್ತೆ ಪೂರ್ಣ ಒಣಗಿದ್ದರೂ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರಿನ ಮಿಶ್ರಣದಲ್ಲಿ ಸಹಜ ರಬ್ಬರು ಮತ್ತು ಸಿಲಿಕಾದ ಪ್ರಮಾಣವನ್ನು ಹೊಂದಿಸಿ, ಮೈನಸ್ 20-30 ಡಿಗ್ರಿಯಲ್ಲೂ ಅದು ಮೆತ್ತಗೆ ಉಳಿಯುವಂತೆ ಮಾಡಲಾಗುತ್ತದೆ.

ಎರಡನೆಯದು ಮೇಲ್ಮೈಯ ವಿನ್ಯಾಸ. ಅಗಲವಾದ ಗಾಡಿಗಳು ಹಿಮವನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಉಂಡೆ ಕಟ್ಟಿದ ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದರಿಂದ ಟೈರಿನಲ್ಲಿ ಸಿಲುಕಿದ ಹಿಮವೂ ಹಿಡಿತಕ್ಕೆ ನೆರವಾಗುತ್ತದೆ. ರಬ್ಬರಿನ ಪ್ರತಿ ತುಂಡಿನ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಎಂದು ಹೆಸರು. ಬ್ರೇಕ್ ಒತ್ತಿದಾಗ ಈ ಸೀಳುಗಳು ಬಾಯ್ತೆರೆದು ನೂರಾರು ಅಂಚುಗಳಾಗಿ ಮಂಜುಗಡ್ಡೆಯನ್ನು ಕೆರೆಯುತ್ತವೆ.

ಟೈರಿನ ಬದಿಯ ಮುದ್ರೆ

ಒಂಟಾರಿಯೊದಲ್ಲಿ ಹೊಸ ಕಾರುಗಳು ಸಾಮಾನ್ಯವಾಗಿ ‘ಆಲ್ ಸೀಸನ್’ ಟೈರಿನೊಂದಿಗೆ ಬರುತ್ತವೆ. ಅವುಗಳ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂಬ ಗುರುತಿರುತ್ತದೆ. ಕೆಸರು ಮತ್ತು ಹಿಮ ಎಂಬುದು ಅದರ ಅರ್ಥ. ಹೆಸರು ಕೇಳಿ ಸರ್ವಋತುವಿಗೂ ಸಾಕೆಂದು ನಂಬುವವರು ಬಹಳ. ಆದರೆ ಈ ಗುರುತಿಗೆ ಹಿಮದ ಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಗಾಡಿಗಳ ಅಗಲ, ಆಕಾರ ನಿಗದಿತ ಪ್ರಮಾಣದಲ್ಲಿದ್ದರೆ ತಯಾರಕರು ಅದನ್ನು ಒತ್ತಬಹುದು.

ನೋಡಬೇಕಾದ ಮುದ್ರೆ ಬೇರೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು. 1999ರಲ್ಲಿ ಉತ್ತರ ಅಮೆರಿಕದಲ್ಲಿ ಬಳಕೆಗೆ ಬಂದ ಈ ಚಿಹ್ನೆಯನ್ನು ಪಡೆಯಲು ಟೈರು ಹಿಮದ ಮೇಲೆ ಓಡಿ, ಮಾದರಿ ಟೈರೊಂದಕ್ಕಿಂತ ನಿಗದಿತ ಪ್ರಮಾಣದಷ್ಟು ಉತ್ತಮ ಹಿಡಿತ ತೋರಿಸಬೇಕು. ಆದರೂ ಒಂದು ಕೊರತೆಯಿದೆ. ಆ ಪರೀಕ್ಷೆ ಒತ್ತಿದ ಹಿಮದ ಮೇಲಿನದು, ಮಂಜುಗಡ್ಡೆಯ ಮೇಲಿನದಲ್ಲ. ಹೀಗಾಗಿ ಒಂದೇ ಮುದ್ರೆಯುಳ್ಳ ಎರಡು ಟೈರುಗಳು ಮಂಜುಗಡ್ಡೆಯ ಮೇಲೆ ಬೇರೆ ಬೇರೆ ರೀತಿ ವರ್ತಿಸಬಹುದು. ಐರೋಪ್ಯ ಒಕ್ಕೂಟ 2021ರ ಮೇ 1ರಿಂದ ಜಾರಿಗೆ ತಂದ ಹೊಸ ಟೈರು ಲೇಬಲಿನಲ್ಲಿ ಮಂಜುಗಡ್ಡೆಯ ಹಿಡಿತಕ್ಕೆ ಪ್ರತ್ಯೇಕ ಚಿಹ್ನೆಯನ್ನು ಸೇರಿಸಿದೆ. ಕೆನಡಾದಲ್ಲಿ ಕೊಳ್ಳುವವರು ಆ ಮಾದರಿಗೆ ಐರೋಪ್ಯ ಲೇಬಲ್ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

‘ಆಲ್ ವೆದರ್’ ಎಂಬ ಇನ್ನೊಂದು ವರ್ಗವಿದೆ. ‘ಆಲ್ ಸೀಸನ್’ ಜೊತೆ ಗೊಂದಲ ಹುಟ್ಟಿಸುವ ಹೆಸರು. ಇವು ಬೆಟ್ಟದ ಮುದ್ರೆ ಪಡೆದಿದ್ದು, ವರ್ಷವಿಡೀ ಬಳಸಬಹುದಾದ ಟೈರುಗಳು. ನಗರದಲ್ಲಿದ್ದು ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ, ಎರಡನೇ ಜೊತೆ ಟೈರು ಇಡಲು ಜಾಗವಿಲ್ಲದ ಫ್ಲ್ಯಾಟ್ ನಿವಾಸಿಗಳಿಗೆ ಸೂಕ್ತ. ನಿತ್ಯ ನೂರು ಕಿಲೋಮೀಟರ್‌ಗಿಂತ ಹೆಚ್ಚು ಹಳ್ಳಿದಾರಿ ಸವೆಸುವವರಿಗೆ ಇವನ್ನು ಶಿಫಾರಸು ಮಾಡಲಾಗದು. ಬೇಸಿಗೆಗೂ ಹೊಂದಬೇಕಾದ ರಬ್ಬರು ಕಡು ಚಳಿಯ ಮಂಜುಗಡ್ಡೆಯ ಮೇಲೆ ಅಪ್ಪಟ ಚಳಿಗಾಲದ ಟೈರಿಗೆ ಸರಿಗಟ್ಟುವುದಿಲ್ಲ.

ಎಂಬತ್ತರ ವೇಗ, ಇನ್ನೂರೈವತ್ತು ಮೀಟರ್

ಹಿಡಿತ ಎಂಬುದನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.8 ಎಂದು ಹಿಡಿದರೆ, ಒತ್ತಿದ ಹಿಮದ ಮೇಲೆ ಅದು 0.25ರ ಆಸುಪಾಸು, ಕರಗುವ ಹಂತದ ಮಂಜುಗಡ್ಡೆಯ ಮೇಲೆ 0.1. ಒಂಟಾರಿಯೊದ ಹಳ್ಳಿ ಹೆದ್ದಾರಿಗಳಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿಲೋಮೀಟರ್. ಭೌತಶಾಸ್ತ್ರದ ಸರಳ ಸೂತ್ರದ ಪ್ರಕಾರ ಆ ವೇಗದಲ್ಲಿ ಬ್ರೇಕ್ ಒತ್ತಿದ ಕಾರು ಒಣ ರಸ್ತೆಯಲ್ಲಿ ಸುಮಾರು 32 ಮೀಟರಿನಲ್ಲಿ ನಿಲ್ಲುತ್ತದೆ. ಒತ್ತಿದ ಹಿಮದ ಮೇಲೆ 100 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 250 ಮೀಟರ್, ಅಂದರೆ ಬೆಂಗಳೂರಿನ ಇಪ್ಪತ್ತು ಬಿಎಂಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಚಾಲಕ ಅಪಾಯ ಗುರುತಿಸಿ ಬ್ರೇಕ್ ಮುಟ್ಟುವ ಒಂದು ಸೆಕೆಂಡಿನಲ್ಲಿ ಸಾಗುವ 22 ಮೀಟರ್ ಇದಕ್ಕೆ ಹೊರತು.

ಉತ್ತಮ ಟೈರು ಮಂಜುಗಡ್ಡೆಯ ಮೇಲಿನ ಘರ್ಷಣಾಂಕವನ್ನು 0.1ರಿಂದ 0.15ಕ್ಕೆ ಏರಿಸಿತು ಎಂದಿಟ್ಟುಕೊಳ್ಳೋಣ. 250 ಮೀಟರ್ ಸುಮಾರು 170ಕ್ಕೆ ಇಳಿಯುತ್ತದೆ. ಎಂಬತ್ತು ಮೀಟರಿನ ಉಳಿತಾಯ ಸಣ್ಣದಲ್ಲ. ಆದರೆ ಅದೇ ಹಳೆಯ ಟೈರಿನಲ್ಲಿ ವೇಗವನ್ನು 40ಕ್ಕೆ ಇಳಿಸಿದರೆ 63 ಮೀಟರ್ ಸಾಕು. ಟೈರು ಅಂಗಡಿಯ ಜಾಹೀರಾತಿನಲ್ಲಿ ಈ ಎರಡನೇ ಲೆಕ್ಕ ಕಾಣಿಸದು.

ಈ ಮೀಟರುಗಳ ಬೆಲೆ ತಿಳಿಯುವುದು ಶಾಲಾ ಬಸ್ಸಿನ ಹಿಂದೆ. ಚಳಿಗಾಲದ ಬೆಳಗಿನ ಮಬ್ಬಿನಲ್ಲಿ ಹಳದಿ ಬಸ್ಸು ತೋಟದ ಮನೆಗಳ ಮುಂದೆ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಅದರ ಕೆಂಪು ದೀಪ ಮಿನುಗಿದಾಗ ಹಿಂದಿನಿಂದ ಬರುವ ವಾಹನ ಕನಿಷ್ಠ 20 ಮೀಟರ್ ದೂರದಲ್ಲಿ ನಿಲ್ಲಬೇಕೆಂಬುದು ಒಂಟಾರಿಯೊದ ಕಾನೂನು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ದಿಬ್ಬದ ಆಚೆ ಬಸ್ಸು ನಿಂತಿರುವುದು ಕಂಡಾಗ ಉಳಿದಿರುವ ದೂರದಲ್ಲಿ ಕಾರು ನಿಂತೀತೇ ಎಂಬುದನ್ನು ಅಕ್ಟೋಬರಿನಲ್ಲಿ ಕೊಂಡ ಟೈರು ಬಹುಮಟ್ಟಿಗೆ ನಿರ್ಧರಿಸಿರುತ್ತದೆ.

ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹರಿಸುವ ಎಸ್‌ಯುವಿ ಇದ್ದರೆ ಚಳಿಗಾಲದ ಟೈರು ಬೇಡವೆಂಬ ವಾದವೂ ಕೇಳಿಬರುತ್ತದೆ. ಅಂಥ ವಾಹನ ನಿಂತಲ್ಲಿಂದ ಹೊರಡಲು, ಏರು ಹತ್ತಲು ನಿಜಕ್ಕೂ ಉಪಕಾರಿ. ನಿಲ್ಲಿಸುವಾಗ ಮಾತ್ರ ಎಲ್ಲ ಕಾರುಗಳಿಗೂ ಬ್ರೇಕು ಇರುವುದು ನಾಲ್ಕು ಚಕ್ರಕ್ಕೇ. ಸಲೀಸಾಗಿ ವೇಗ ಹಿಡಿಯುವ ಕಾರು ರಸ್ತೆ ಎಷ್ಟು ಜಾರುತ್ತಿದೆ ಎಂಬ ಸುಳಿವನ್ನೂ ಚಾಲಕನಿಗೆ ಕೊಡುವುದಿಲ್ಲ.

ಮೊಳೆ ಬೇಕೇ, ಬೇಡವೇ?

ಹಳ್ಳಿದಾರಿಯ ಪ್ರಯಾಣಿಕರನ್ನು ನಿಜವಾಗಿ ಕಾಡುವ ಪ್ರಶ್ನೆ ಇದು. ಚಳಿಗಾಲದ ಟೈರುಗಳಲ್ಲಿ ಎರಡು ಬಗೆ. ಒಂದರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಪುಟ್ಟ ಲೋಹದ ಮೊಳೆಗಳನ್ನು ರಬ್ಬರಿನಲ್ಲಿ ನೆಟ್ಟಿರುತ್ತಾರೆ. ಇನ್ನೊಂದು ಮೊಳೆಯಿಲ್ಲದೆ ರಬ್ಬರು ಮತ್ತು ಸೀಳುಗಳನ್ನೇ ನೆಚ್ಚಿಕೊಂಡದ್ದು.

ಚಳಿಗಾಲದ ಟೈರಿನ ಕತೆ ಶುರುವಾದದ್ದು ಫಿನ್ಲೆಂಡಿನಲ್ಲಿ. ಅಲ್ಲಿನ ಫಿನ್ನಿಷ್ ರಬ್ಬರ್ ವರ್ಕ್ಸ್ ಕಂಪನಿ 1934ರಲ್ಲಿ ಲಾರಿಗಳಿಗಾಗಿ ‘ಕೆಲಿರೆಂಗಾಸ್’ ಎಂಬ ಚಳಿಗಾಲದ ಟೈರನ್ನೂ 1936ರಲ್ಲಿ ಕಾರುಗಳಿಗಾಗಿ ‘ಲುಮಿ ಹಕ್ಕಪೆಲಿಟ್ಟಾ’ವನ್ನೂ ತಯಾರಿಸಿತು. ಹಕ್ಕಪೆಲಿಟ್ಟಾ ಎಂಬುದು ಹದಿನೇಳನೇ ಶತಮಾನದ ಫಿನ್ನಿಷ್ ಅಶ್ವಾರೋಹಿಗಳ ಹೆಸರು. ಕಂಪನಿ ಅದೇ ಹೆಸರಿನಲ್ಲಿ ಇಂದಿಗೂ ಟೈರು ಮಾರುತ್ತಿದೆ. ಭಾರತೀಯರಿಗೆ ಈ ಕಂಪನಿ ಇನ್ನೊಂದು ದಾರಿಯಿಂದ ಪರಿಚಿತ. 1967ರಲ್ಲಿ ಅದು ನೋಕಿಯಾ ಸಂಸ್ಥೆಯಲ್ಲಿ ವಿಲೀನವಾಯಿತು. 1988ರಲ್ಲಿ ಟೈರು ವಿಭಾಗ ಬೇರ್ಪಟ್ಟಿತು, ಉಳಿದ ನೋಕಿಯಾ ಮುಂದೆ ಮೊಬೈಲ್ ಮಾರಲು ಮನೆಮನೆಗೆ ಬಂತು.

ಮೊಳೆ ಟೈರಿಗೆ ಎದುರಾಗಿ ಮೊಳೆಯಿಲ್ಲದ ಟೈರು ಬೆಳೆದದ್ದು ಜಪಾನಿನಲ್ಲಿ. ಸೆಂಡಾಯ್, ಸಪ್ಪೊರೊ ನಗರಗಳಲ್ಲಿ ಮೊಳೆಗಳು ಡಾಂಬರನ್ನು ಅರೆದು ಎಬ್ಬಿಸಿದ ಧೂಳು ಜನರ ಆರೋಗ್ಯದ ಪ್ರಶ್ನೆಯಾಯಿತು. 1990ರಲ್ಲಿ ಕಾನೂನು ಮಾಡಿ ಅವನ್ನು ನಿರ್ಬಂಧಿಸಲಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಬ್ರಿಡ್ಜ್‌ಸ್ಟೋನ್ ಕಂಪನಿ ‘ಬ್ಲಿಜ್ಯಾಕ್’ ಟೈರನ್ನು ಮಾರುಕಟ್ಟೆಗೆ ತಂದಿತ್ತು. ಮಂಜುಗಡ್ಡೆ ಜಾರುವುದು ಅದರ ಮೇಲಿನ ತೆಳುವಾದ ನೀರಿನ ಪೊರೆಯಿಂದ. ಬ್ಲಿಜ್ಯಾಕಿನ ರಬ್ಬರಿನಲ್ಲಿ ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳಿದ್ದು, ಆ ಪೊರೆಯನ್ನು ಅವು ಹೀರಿಕೊಳ್ಳುತ್ತವೆ. ಸ್ಟಾಕ್‌ಹೋಮ್ ನಗರವೂ ಧೂಳಿನ ಕಾರಣಕ್ಕೆ 2010ರಿಂದ ಹಾರ್ನ್ಸ್‌ಗಾಟನ್ ಎಂಬ ಬೀದಿಯಲ್ಲಿ ಮೊಳೆ ಟೈರುಗಳನ್ನು ನಿಷೇಧಿಸಿದೆ.

ಹಾಗಾದರೆ ಯಾವುದು ಮೇಲು? ಉಷ್ಣಾಂಶದ ಮೇಲೆ ಅವಲಂಬಿಸಿದೆ. ಸೊನ್ನೆಯ ಆಸುಪಾಸಿನಲ್ಲಿ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಒದ್ದೆ ಮಂಜುಗಡ್ಡೆಯ ಮೇಲೆ ಮೊಳೆಗೆ ಸಾಟಿಯಿಲ್ಲ. ಮೈನಸ್ 20ರಲ್ಲಿ ಮಂಜುಗಡ್ಡೆ ಒಣಗಿ ಒರಟಾಗುವುದರಿಂದ ಮೊಳೆಯಿಲ್ಲದ ಟೈರೂ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಮಂಜುಗಡ್ಡೆಯೊಳಕ್ಕೆ ಮೊಳೆ ಇಳಿಯುವುದೂ ಕಷ್ಟ. ಬರಿ ಡಾಂಬರಿನ ಮೇಲೆ ಮೊಳೆ ಟೈರು ಸದ್ದು ಮಾಡುತ್ತದೆ, ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಪ್ರಯಾಣದ ಬಹುಪಾಲು ಉಪ್ಪು ಬೀಳುವ ಹೆದ್ದಾರಿಯಾಗಿದ್ದರೆ ಮೊಳೆಯಿಲ್ಲದ್ದೇ ಸರಿ. ಮನೆಯ ಸುತ್ತ ಹತ್ತಾರು ಕಿಲೋಮೀಟರ್ ತಿಂಗಳುಗಟ್ಟಲೆ ಬಿಳಿಯಾಗಿಯೇ ಇರುವ ಏರಿಳಿತದ ದಾರಿಯಾದರೆ ಮೊಳೆ ಟೈರಿಗೆ ಸಮರ್ಥನೆಯಿದೆ.

ಆದರೆ ಒಂಟಾರಿಯೊದಲ್ಲಿ ಈ ಆಯ್ಕೆ ಎಲ್ಲರಿಗೂ ಇಲ್ಲ. ಮೊಳೆ ಟೈರು ಬಳಸಲು ಅನುಮತಿಯಿರುವುದು ಪ್ರಾಂತದ ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ. ಸಡ್ಬರಿಯ ನಿಕಲ್ ಗಣಿಗೆ ಅಥವಾ ಥಂಡರ್ ಬೇಯ ಆಸ್ಪತ್ರೆಗೆ ಹೋಗುವವರು ಹಾಕಿಸಿಕೊಳ್ಳಬಹುದು, ಅದೂ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ. ಬ್ರೂಸ್ ಕೌಂಟಿ ದಕ್ಷಿಣ ಭಾಗಕ್ಕೆ ಸೇರಿದ್ದರಿಂದ ಅಲ್ಲಿನವರಿಗೆ ಹಿಮ ಎಷ್ಟೇ ಬಿದ್ದರೂ ಮೊಳೆ ಇಲ್ಲ. ಮೊಳೆ ಟೈರು ಹಾಕಿಸುವವರು ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಿಸಬೇಕು. ಮೊಳೆಗಳು ರಬ್ಬರಿನಲ್ಲಿ ಕೂರಲು ಅಷ್ಟು ಬೇಕು.

ಎರಡಲ್ಲ, ನಾಲ್ಕು

ಹಣ ಉಳಿಸಲೆಂದು ಮುಂದಿನ ಚಕ್ರಗಳಿಗೆ ಮಾತ್ರ ಚಳಿಗಾಲದ ಟೈರು ಹಾಕಿಸುವುದು ಅಪಾಯಕಾರಿ. ತಿರುವಿನಲ್ಲಿ ಮುಂಭಾಗ ಹಿಡಿತ ಕಾಯ್ದುಕೊಳ್ಳುತ್ತದೆ, ಹಿಂಭಾಗ ಜಾರಿ ಕಾರು ಬುಗುರಿಯಂತೆ ತಿರುಗುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ನಾಲ್ಕೂ ಒಂದೇ ಮಾದರಿಯವಾಗಿರಬೇಕು.

ಅಳತೆಯ ವಿಷಯದಲ್ಲಿ ಕಾರಿನ ಕೈಪಿಡಿ ಅನುಮತಿಸುವ ಅತಿ ಕಿರಿದಾದ ಟೈರು ಉತ್ತಮ. ಅಗಲವಾದ ಟೈರು ಕೆಸರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಅದನ್ನು ಸೀಳಿ ಇಳಿಯುತ್ತದೆ. ಅಲಾಯ್ ಚಕ್ರದ ಬದಲು ಒಂದು ಇಂಚು ಚಿಕ್ಕದಾದ ಉಕ್ಕಿನ ರಿಮ್‌ಗಳನ್ನು ಕೊಂಡು ಅವುಗಳ ಮೇಲೆಯೇ ಚಳಿಗಾಲದ ಟೈರನ್ನು ಕಾಯಂ ಕೂರಿಸುವುದು ಅಲ್ಲಿನ ರೂಢಿ. ಪ್ರತಿ ವರ್ಷ ಎರಡು ಬಾರಿ ಟೈರು ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ, ಟೈರಿನ ಅಂಚೂ ಹಾಳಾಗುವುದಿಲ್ಲ. ಭಾರ ಹೊರುವ ಸೂಚ್ಯಂಕ ಮೂಲ ಟೈರಿನದಕ್ಕಿಂತ ಕಡಿಮೆಯಿರಬಾರದು. ಬ್ಯಾಟರಿಯ ತೂಕ ಹೊತ್ತ ವಿದ್ಯುತ್ ಕಾರುಗಳಲ್ಲಿ ಇದನ್ನು ಮರೆಯುವಂತಿಲ್ಲ.

ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆಯಾದರೂ ನೋಡಬೇಕು. ಉಷ್ಣಾಂಶ ಪ್ರತಿ 5-6 ಡಿಗ್ರಿ ಇಳಿದಂತೆ ಸುಮಾರು 1 ಪಿಎಸ್‌ಐ ಒತ್ತಡ ಕುಸಿಯುತ್ತದೆ. ಅಕ್ಟೋಬರಿನ 15 ಡಿಗ್ರಿಯಲ್ಲಿ 33 ತುಂಬಿಸಿದ ಟೈರು ಜನವರಿಯ ಮೈನಸ್ 20ಕ್ಕೆ ಬರುವಾಗ 27ರ ಆಸುಪಾಸಿಗೆ ಇಳಿದಿರುತ್ತದೆ, ಎಲ್ಲೂ ಪಂಕ್ಚರ್ ಆಗದೆಯೇ.

ಹಳೆ ಟೈರಿನ ವ್ಯಾಪಾರ

ರಿಮ್ ಸಮೇತ ನಾಲ್ಕು ಚಳಿಗಾಲದ ಟೈರಿಗೆ ಸಾವಿರ ಕೆನಡಾ ಡಾಲರ್ ದಾಟುವುದು ಸಾಮಾನ್ಯ. ಹಳೆಯ ಕಾರನ್ನೇ ಸಾಲ ಮಾಡಿ ಕೊಂಡ ವಿದ್ಯಾರ್ಥಿಗೆ, ಆಗಷ್ಟೇ ಕೆಲಸಕ್ಕೆ ಸೇರಿದ ಶುಶ್ರೂಷಕಿಗೆ ಅದು ದೊಡ್ಡ ಮೊತ್ತ. ಬಳಸಿದ ಟೈರಿನ ಕಡೆ ಮನಸ್ಸು ವಾಲುವುದು ಸಹಜ. ಕೊಳ್ಳುವುದಾದರೆ ಎರಡು ಸಂಗತಿ ನೋಡಲೇಬೇಕು.

ಟೈರಿನ ಬದಿಯಲ್ಲಿ ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 3519 ಎಂದಿದ್ದರೆ 2019ರ 35ನೇ ವಾರ. ಬಳಸದೆ ಇಟ್ಟಿದ್ದರೂ ರಬ್ಬರು ವರ್ಷ ಕಳೆದಂತೆ ಗಡುಸಾಗುತ್ತದೆ; ಮೆತ್ತಗಿರುವುದೇ ಚಳಿಗಾಲದ ಟೈರಿನ ಗುಣವಾದ್ದರಿಂದ ಮುಪ್ಪು ಅದಕ್ಕೆ ಬೇಗ ತಟ್ಟುತ್ತದೆ. ಎರಡನೆಯದು ಗಾಡಿಯ ಆಳ. ಭಾರತದಲ್ಲಿ ಕಾರಿನ ಟೈರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್. ಹಿಮದ ದಾರಿಯಲ್ಲಿ ಅದು ಬೋಳು ಟೈರಿಗೆ ಸಮ. ಆಳ 4 ಮಿಲಿಮೀಟರಿನ ಹತ್ತಿರಕ್ಕೆ ಬಂದ ಟೈರನ್ನು ಹಿಮ ತುಂಬಿದ ರಸ್ತೆಯಲ್ಲಿ ಬಳಸಬಾರದೆಂದು ಕೆನಡಾದ ಸಾರಿಗೆ ಇಲಾಖೆ ಹೇಳುತ್ತದೆ. ಆರೇಳು ವರ್ಷದ ಹೆಸರಾಂತ ಕಂಪನಿಯ ಟೈರಿಗಿಂತ ಹೊಸದಾದ ಮಧ್ಯಮ ದರ್ಜೆಯ ಟೈರು ಲೇಸು.

ಅಂಗಡಿಯಲ್ಲಿ ಹಕ್ಕಪೆಲಿಟ್ಟಾ, ಬ್ಲಿಜ್ಯಾಕ್, ಮಿಶೆಲಿನ್‌ನ ‘ಎಕ್ಸ್ ಐಸ್’ ಹೆಸರುಗಳು ಮೊದಲು ಕಿವಿಗೆ ಬೀಳುತ್ತವೆ. ವ್ರೆಡೆಸ್ಟೈನ್ ಎಂಬ ಡಚ್ ಹೆಸರೂ ಕಾಣಬಹುದು. ಆ ಕಂಪನಿಯನ್ನು 2009ರಲ್ಲಿ ಭಾರತದ ಅಪೊಲೊ ಟೈರ್ಸ್ ಕೊಂಡುಕೊಂಡಿತು.

ಒಂಟಾರಿಯೊದಲ್ಲಿ ಚಳಿಗಾಲದ ಟೈರು ಕಡ್ಡಾಯವಲ್ಲ. ಆದರೆ 2016ರ ಜನವರಿ 1ರಿಂದ ಅಲ್ಲಿನ ವಿಮಾ ಕಂಪನಿಗಳು ಇಂಥ ಟೈರು ಹಾಕಿಸಿದವರಿಗೆ ಕಂತಿನಲ್ಲಿ ರಿಯಾಯಿತಿ ನೀಡಲೇಬೇಕು. ರಿಯಾಯಿತಿ ಸಾಮಾನ್ಯವಾಗಿ ಶೇಕಡಾ 5ರೊಳಗೆ. ಕೇಳದಿದ್ದರೆ ತಾನಾಗಿ ಸಿಗದು, ರಸೀದಿ ಇಟ್ಟುಕೊಂಡಿರಬೇಕು.

ಕಾನೂನು ಎಲ್ಲೆಡೆ ಒಂದೇ ಅಲ್ಲ

ಕ್ವಿಬೆಕ್ ಪ್ರಾಂತದಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ತಪ್ಪಿದರೆ 200ರಿಂದ 300 ಡಾಲರ್ ದಂಡ. 2008ರಲ್ಲಿ ನಿಯಮ ಜಾರಿಗೆ ಬಂದಾಗ ಆರಂಭದ ದಿನ ಡಿಸೆಂಬರ್ 15 ಆಗಿತ್ತು. 2019ರಲ್ಲಿ ಅದನ್ನು ಎರಡು ವಾರ ಮುಂಚಿತಗೊಳಿಸಲಾಯಿತು. ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಹುತೇಕ ಪರ್ವತ ಹೆದ್ದಾರಿಗಳಿಗೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ನಿಯಮ ಅನ್ವಯಿಸುತ್ತದೆ. ಅಲ್ಲಿ ‘ಎಂ ಪ್ಲಸ್ ಎಸ್’ ಟೈರೂ ಸಲ್ಲುತ್ತದೆ, ಗಾಡಿಯ ಆಳ 3.5 ಮಿಲಿಮೀಟರ್ ಇರಬೇಕಷ್ಟೆ. ಕಾನೂನಿಗೆ ಸಲ್ಲುವ ಟೈರೆಲ್ಲ ಘಟ್ಟದ ಮಂಜುಗಡ್ಡೆಗೆ ಸಲ್ಲುತ್ತದೆ ಎಂದು ತಿಳಿಯುವಂತಿಲ್ಲ.

ಯೂರೋಪಿನಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಿಗೆ ಜರ್ಮನಿಯ ನಿಯಮ ಮುಖ್ಯ. ಅಲ್ಲಿ ದಿನಾಂಕದ ಬದಲು ರಸ್ತೆಯ ಸ್ಥಿತಿಯೇ ಅಳತೆಗೋಲು. 2024ರ ಅಕ್ಟೋಬರ್ 1ರಿಂದ ಹಿಮದ ರಸ್ತೆಗೆ ಬೆಟ್ಟದ ಮುದ್ರೆಯ ಟೈರು ಮಾತ್ರ ಮಾನ್ಯ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಪರಿಸ್ಥಿತಿಯಿದ್ದಾಗ ಕನಿಷ್ಠ 3 ಮಿಲಿಮೀಟರ್ ಗಾಡಿಯ ಚಳಿಗಾಲದ ಟೈರು ಕಡ್ಡಾಯ.

ಹಾಕಿಸುವುದು, ತೆಗೆಸುವುದು

ಮೊದಲ ಹಿಮಪಾತದ ಮುನ್ಸೂಚನೆ ಬಂದ ವಾರ ಟೈರು ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ, ಬೇಕಾದ ಅಳತೆ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲೇ ಮುಂಗಡ ಕಾಯ್ದಿರಿಸಿ, ಬೆಳಗಿನ ಉಷ್ಣಾಂಶ ಸತತವಾಗಿ 7 ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಹಾಕಿಸುವುದು ಒಳ್ಳೆಯದು. ಹಿಮಕ್ಕೂ ಮೊದಲು ಬರುವುದು ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆ. ಅಲ್ಲಿನವರು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಕೆಳಗಿನಿಂದಲೂ ಗಾಳಿ ಹಾಯುವುದರಿಂದ ಸೇತುವೆಗಳ ಮೇಲೆ ಅದು ಮೊದಲು ಕಟ್ಟುತ್ತದೆ.

ಎಂಥ ಟೈರಿದ್ದರೂ ಹಿಮಗಾಳಿಯಲ್ಲಿ ದಾರಿ ಕಾಣದಿದ್ದರೆ ಪ್ರಯೋಜನವಿಲ್ಲ. ಒಂಟಾರಿಯೊದಲ್ಲಿ 511 ಸಂಖ್ಯೆಗೆ ಕರೆ ಮಾಡಿದರೆ ಹೆದ್ದಾರಿಗಳ ಸ್ಥಿತಿ ತಿಳಿಯುತ್ತದೆ. ಪೊಲೀಸರು ಮುಚ್ಚಿದ ರಸ್ತೆಗೆ ಇಳಿಯುವುದು ಅಪರಾಧ. ಪಾಳಿಯ ಕೆಲಸಕ್ಕೆ ಸೇರುವವರು ರಸ್ತೆ ಮುಚ್ಚಿದ ದಿನ ಸಂಬಳದ ಗತಿಯೇನು, ಉಳಿಯಲು ವ್ಯವಸ್ಥೆಯಿದೆಯೇ ಎಂಬುದನ್ನು ನೇಮಕದ ಸಮಯದಲ್ಲೇ ಕೇಳಿ ತಿಳಿದುಕೊಳ್ಳುವುದು ಮೇಲು.

ಏಪ್ರಿಲ್ ಮಧ್ಯದಲ್ಲಿ ಚಳಿ ಸರಿದ ಮೇಲೆ ಟೈರು ತೆಗೆಸಬೇಕು. ಮೆತ್ತಗಿನ ರಬ್ಬರು ಬೇಸಿಗೆಯ ಬಿಸಿ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಬ್ರೇಕ್ ದೂರವೂ ಹೆಚ್ಚುತ್ತದೆ. ತೆಗೆದ ಟೈರುಗಳನ್ನು ತೊಳೆದು ಒಣಗಿಸಿ, ಯಾವುದು ಯಾವ ಚಕ್ರದ್ದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಬೇಕು. ಪ್ರತಿ ಬಾರಿ ಚಕ್ರ ಬದಲಿಸಿದ ಮೇಲೆ ಸುಮಾರು 100 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ನಿತ್ಯ 140 ಕಿಲೋಮೀಟರ್ ಓಡಾಡುವವರಿಗೆ ಆ ಕೆಲಸದ ಸರದಿ ಮೊದಲ ದಿನವೇ ಬರುತ್ತದೆ.